ಸಿದ್ರಾಯ ಮಾಸ್ತರರ ಜಾಮೀನು

ಮೂಡಲಗಿಯ ಸಿದ್ರಾಯ ಮಾಸ್ತರರು ಇಪ್ಪತ್ತೆರಡು ವರ್ಷಗಳಿಂದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ಬಂದವರು. ಈ ಅವಧಿಯಲ್ಲಿ ಅವರು ಕೈಕೊಂಡ ಅತಿ ದೂರದ ಪ್ರಯಾಣವೆಂದರೆ, ಮದುವೆಯಾದ ಹೊಸತರಲ್ಲಿ ಹೆಂಡತಿಯೊಡನೆ ಪಂಢರಪುರಕ್ಕೆ ಹೋಗಿ ವಿಠ್ಠಲನ ಪಾದ ಮುಟ್ಟಿ ಬಂದದ್ದು. ದೇವರು ಅವರನ್ನು ಹಾಗೆಯೇ ನೆಮ್ಮದಿಯಾಗಿ ಇಟ್ಟಿರುತ್ತಿದ್ದ. ಆದರೆ ಅದೇ ಶಾಲೆಯಲ್ಲಿ ಸಮಾಜ ಪಾಠ ಹೇಳುವ ಉಮೇಶ ಮಾಸ್ತರರು ಐದು ದಿನಗಳ ಮಟ್ಟಿಗೆ ಸಿಂಗಾಪುರಕ್ಕೆ ಹೋಗಿಬಂದರು.

ಐದು ದಿನಗಳ ಆ ಸಿಂಗಾಪುರ ಎರಡು ವರ್ಷವಾದರೂ ಮುಗಿಯಲಿಲ್ಲ. ಮಾಸ್ತರರ ಕೋಣೆಗೆ ಚಹಾ ಬಂದರೆ ಸಿಂಗಾಪುರದ ಚಹಾದ ಮಾತು. ಮಳೆ ಬಂದರೆ ಸಿಂಗಾಪುರದ ಮಳೆಯ ಮಾತು. ಹುಡುಗನೊಬ್ಬ ಅಂಗಳದಲ್ಲಿ ಉಗುಳಿದರೆ, "ಸಿಂಗಾಪುರದಾಗ ಆಗಿದ್ರ ಇವನ ಗತಿ ಏನಾಗ್ತಿತ್ತು ಗೊತ್ತೇನ್ರಿ?" ಎಂದು ಉಮೇಶ ಮಾಸ್ತರರು ಸಿದ್ರಾಯರ ಕಡೆಗೇ ತಿರುಗಿ ಕೇಳುವರು, ಉಗುಳಿದವರು ಸಿದ್ರಾಯರೇ ಎಂಬಂತೆ.

ಒಂದು ದಿನ ಸಿದ್ರಾಯರಿಗೆ ತಡೆಯಲಾಗಲಿಲ್ಲ. "ನಾನೂ ಹೊಂಟೇನ್ರಿ ಪರದೇಶಕ್ಕ. ಐದು ದಿನ ಅಲ್ಲ, ಒಂದು ವರ್ಷ. ತಿರುಗಾಡಾಕ ಅಲ್ಲ, ಕಲಸಾಕ" ಎಂದುಬಿಟ್ಟರು.

ಆ ಮಾತಿನಲ್ಲಿ ಇದ್ದ ಸತ್ಯ ಇಷ್ಟೇ: ಸಮುದ್ರದಾಚೆಯ ಒಂದು ದೇಶದವರು ನಮ್ಮ ಕಡೆಯ ಶಿಕ್ಷಕರನ್ನು ಒಂದು ಶಾಲಾವರ್ಷ ಕರೆಸಿಕೊಂಡು ತಮ್ಮ ಮಕ್ಕಳಿಗೆ ಪಾಠ ಹೇಳಿಸುತ್ತಾರೆಂದು ಹಿಂದಿನ ದಿನ ಪತ್ರಿಕೆಯಲ್ಲಿ ಓದಿದ್ದರು. ದೇಶದ ಹೆಸರು ಹೇಳಿದರೆ, ಅಲ್ಲಿಗೆ ಹೋಗಿಬಂದವರು ಈ ಕಥೆಯಲ್ಲಿ ತಪ್ಪು ಹುಡುಕುತ್ತ ಕೂರುತ್ತಾರೆ. ಆದ್ದರಿಂದ ಪರದೇಶ ಎಂದಷ್ಟೇ ಕರೆಯೋಣ. ಹೇಳಿದ ಮಾತು ಸುಳ್ಳಾಗಬಾರದೆಂದು ಸಿದ್ರಾಯರು ಅರ್ಜಿ ಹಾಕಿದರು. ಪಾಠ ಹೇಳುವ ಒಂದು ವಿಡಿಯೋ ಬೇಕೆಂದರು. ಜೋಳದ ರೊಟ್ಟಿಯನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಮುರಿದು ಭಿನ್ನರಾಶಿ ಕಲಿಸುವುದು ಅವರ ಹಳೆಯ ಪದ್ಧತಿ. ಅದನ್ನೇ ತೆಗೆಸಿ ಕಳಿಸಿದರು. ಅರ್ಜಿ ತಿರಸ್ಕಾರವಾದರೆ "ಅವರ ನಸೀಬ ಇಲ್ಲ ಬಿಡ್ರಿ" ಎಂದು ಹೇಳಿ ಮುಗಿಸುವ ಯೋಚನೆ ಇತ್ತು.

ಆಯ್ಕೆಯಾಗಿಬಿಟ್ಟಿತು.

ಮೂಡಲಗಿ ಸುಮ್ಮನಿರುವ ಊರಲ್ಲ. ನಾಲ್ಕೇ ದಿನಗಳಲ್ಲಿ ಸತ್ಕಾರ, ಹಾರ, ಶಾಲು. ಬಸ್ ನಿಲ್ದಾಣದ ಬಾಜೂಕ್ಕೆ ಬ್ಯಾನರ್ ಎದ್ದಿತು. ಅದರಲ್ಲಿ ಸಿದ್ರಾಯರ ತಲೆ ಯಾರದೋ ಸೂಟಿನ ಮೇಲೆ ಕೂತಿತ್ತು. ಸತ್ಕಾರ ಸಮಾರಂಭದಲ್ಲಿ ಉಮೇಶ ಮಾಸ್ತರರೇ ಭಾಷಣ ಮಾಡಬೇಕಾಯಿತು. ಅವರು ಹದಿನೈದು ನಿಮಿಷ ಮಾತಾಡಿ ಒಂದು ಸಲವೂ ಸಿಂಗಾಪುರ ಅನ್ನಲಿಲ್ಲ. ಸಿದ್ರಾಯರು ಪುಣ್ಯವಂತರು ಎಂದು ಜನ ಅಂದುಕೊಂಡದ್ದು ಆಗ.

ಈ ನಡುವೆ ಇನ್ನೊಂದು ಸಂಗತಿ ಆಗಿತ್ತು. ಸಿದ್ರಾಯರು ಹೋಗಬೇಕಾದ ಪರದೇಶದ ಶಾಲೆಯ ಮಕ್ಕಳು ಆ ವಿಡಿಯೋ ನೋಡಿ, ಮುರಿದ ರೊಟ್ಟಿಯ ಚಿತ್ರ ಬರೆದು, "ಉಳಿದ ಕಾಲು ಭಾಗ ಯಾರು ತಿಂದರು?" ಎಂದು ಕೇಳಿ ಕಳಿಸಿದ್ದರು. ಅದನ್ನು ನೋಡಿದ ಮೇಲೆ ಸಿದ್ರಾಯರಿಗೆ ನಿಜವಾಗಿಯೂ ಹೋಗಬೇಕೆನಿಸಿತು. ಇನ್ನು ಉಳಿದದ್ದು ವೀಸಾ ಒಂದೇ. ಅದು ಸಿಕ್ಕರೆ ಆ ಮಕ್ಕಳು. ಸಿಗದಿದ್ದರೆ ಆ ಬ್ಯಾನರಿನ ಕೆಳಗೆ ದಿನಕ್ಕೆರಡು ಸಲ ತಲೆ ತಗ್ಗಿಸಿ ನಡೆಯುವುದು.

ಆಗ ಬೆಂಗಳೂರಿನಿಂದ ಸಂಘಮಿತ್ರಾ ಎಂಬ ಹುಡುಗಿಯ ಫೋನು ಬಂತು. ಈ ಶಿಕ್ಷಕರ ಕಾಗದಪತ್ರ ನೋಡಿಕೊಳ್ಳುವ ಕೆಲಸ ಅವಳದು.

"ಸರ್, ಮುಂದಿನ ತಿಂಗಳು ಹನ್ನೆರಡಕ್ಕೆ ಚೆನ್ನೈನಲ್ಲಿ ನಿಮ್ಮ ಸಂದರ್ಶನ. ಒಂದೇ ಒಂದು ವಿಷಯ ನೆನಪಿಡಿ. ವರ್ಷ ಮುಗಿದ ಮೇಲೆ ನೀವು ಖಂಡಿತ ವಾಪಸ್ ಬರ್ತೀರಿ ಅಂತ ಅಲ್ಲಿ ಕೂತಿರೋ ಅಧಿಕಾರಿಗೆ ನಂಬಿಕೆ ಬರಬೇಕು."

"ಬರ್ತೇನ್ರಿ. ಬರದ ಎಲ್ಲಿಗೆ ಹೋಗಲಿ?"

"ಬಾಯಲ್ಲಿ ಎಲ್ಲರೂ ಹಾಗೇ ಹೇಳ್ತಾರೆ ಸರ್. ಅದಕ್ಕೆ ಆಧಾರ ಇರೋ ಕಾಗದ ಏನೇನಿದೆಯೋ ಎಲ್ಲಾ ತಗೊಂಡು ಹೋಗಿ" ಎಂದು ಹೇಳಿ, ಇನ್ನೊಬ್ಬ ಮಾಸ್ತರರ ಫೋನು ಬರುತ್ತಿದೆಯೆಂದು ಅವಳು ಇಟ್ಟುಬಿಟ್ಟಳು.

ಸಿದ್ರಾಯರು ಹೆಂಡತಿ ದ್ರಾಕ್ಷಾಯಿಣಿಯ ಮುಖ ನೋಡಿದರು. "ನಾ ತಿರುಗಿ ಬರ್ತೇನಿ ಅನ್ನೂದಕ್ಕ ನಮ್ಮ ಮನ್ಯಾಗ ಯಾವ ಕಾಗದ ಐತಿ?"

"ಮದವಿ ಕಾರ್ಡ್ ಐತಿ" ಎಂದಳು ದ್ರಾಕ್ಷಾಯಿಣಿ. "ತೋರಸ್ರಿ. ಓದಿ ಅವರಿಗೇ ಅಯ್ಯೋ ಪಾಪ ಅನಸ್ತೈತಿ."

ಆ ಭಾಗದ ಜನರಿಗೆ ಕಾಗದದ ತೊಂದರೆ ಬಂದರೆ ಹೋಗುವ ಜಾಗ ಒಂದೇ: ಗೋಕಾಕದ ಕೋರ್ಟಿನ ಎದುರಿನ ಬೇವಿನ ಗಿಡ, ಅದರ ಬುಡದಲ್ಲಿ ನಿಜಾಮಸಾಬರ ಮೇಜು. ನಿಜಾಮಸಾಬರು ನಲವತ್ತು ವರ್ಷಗಳಿಂದ ಬಾಂಡ್ ಬರೆಯುವವರು. ಖರೀದಿ, ಪಾಲುವಾಟ್ನಿ, ಮೃತ್ಯುಪತ್ರ, ತಕರಾರು, ಎಲ್ಲವೂ ಅವರ ಬೆರಳಿನಿಂದ ಹೊರಟದ್ದು. ಅವರು ಬರೆದ ಬಾಂಡಿನಲ್ಲಿ ಒಂದು ಅಲ್ಪವಿರಾಮಕ್ಕೂ ವಕೀಲರು ಕೈ ಹಚ್ಚುವುದಿಲ್ಲ ಎಂದು ಪ್ರತೀತಿ.

ಸಿದ್ರಾಯರು ವಿಷಯ ಹೇಳಿದರು. ನಿಜಾಮಸಾಬರು ಕಣ್ಣು ಮುಚ್ಚಿ ಕೇಳಿ, ಕಣ್ಣು ಮುಚ್ಚಿಕೊಂಡೇ ನಕ್ಕರು.

"ಮಾಸ್ತರ, ಒಬ್ಬ ಮನಶ್ಯಾನ್ನ ಬಿಟ್ಟು ಕಳಸೂದು. ಅಂವ ತಾರೀಕಿಗೆ ಸರಿಯಾಗಿ ತಿರುಗಿ ಬರಬೇಕು. ಅದಕ್ಕ ಸಾಹೇಬರಿಗೆ ಭರೋಸಾ ಬೇಕು. ಹೌದಲ್ಲ?"

"ಹೌದ್ರಿ."

"ಇದರಾಗ ಹೊಸಾದು ಏನೈತ್ರಿ? ಇದಕ್ಕ ಜಾಮೀನು ಅಂತಾರ. ಈ ಕಟ್ಟಡದಾಗ ದಿನಾ ನಡಿಯೂದು ಇದ."

ಸಿದ್ರಾಯರಿಗೆ ಮಿಂಚು ಹೊಡೆದಂತಾಯಿತು. ಗಣಿತದವರಾದ್ದರಿಂದ ತರ್ಕದಲ್ಲಿ ದೋಷ ಹುಡುಕಿ ನೋಡಿದರು, ಸಿಗಲಿಲ್ಲ. ಸಂಘಮಿತ್ರಾಗೆ ಫೋನು ಮಾಡಿ, "ಗಟ್ಟಿ ಕಾಗದ ಒಂದು ಮಾಡಸಾಕತ್ತೇನ್ರಿ, ತರಲೇನು?" ಎಂದು ಕೇಳಿದರು. "ತಗೊಂಡು ಹೋಗಿ ಸರ್, ಒರಿಜಿನಲ್ಲೇ ತಗೊಂಡು ಹೋಗಿ" ಎಂದಳು ಅವಳು, ಯಾವ ಕಾಗದವೆಂದು ಕೇಳದೆ. ಅಲ್ಲಿಗೆ ಸಂಶಯ ತೀರಿತು.

"ಜಾಮೀನದಾರ ಒಬ್ಬ ಬೇಕು. ಅವನ ಹೊಲದ ಉತಾರ, ಅಂದ್ರ ಪಹಣಿ ಬೇಕು" ಎಂದು ನಿಜಾಮಸಾಬರು ಕಾಗದ ಮುಂದಿಟ್ಟುಕೊಂಡರು. "ನಿಮ್ಮ ಉತಾರದಾಗ ಎಷ್ಟು ಮಂದಿ ಹೆಸರು ಅದಾವ?"

"ಹನ್ನೊಂದು. ಅದರಾಗ ಮೂರು ಮಂದಿ ಈಗ ಇಲ್ಲ."

"ತಮಾಶಾ ಮಾಡಬ್ಯಾಡ್ರಿ. ಪರದೇಶದ ಸರಕಾರ ಅದು. ಒಬ್ಬನ ಹೆಸರಿನ ಉತಾರ ಬೇಕು. ನೀರಾವರಿ ಆದ್ರ ಭಾಳ ಚಲೋ. ಅಂಥವರು ಯಾರಾದಾರ?"

ಅಂಥವರು ಒಬ್ಬರೇ ಇದ್ದರು. ಹುಕ್ಕೇರಿಯಲ್ಲಿರುವ ಮಾವ ಬೀರಸಿದ್ದಪ್ಪ. ಹಿಡಕಲ್ ಕಾಲುವೆಯ ನೀರು ಹರಿಯುವ ನಾಲ್ಕು ಎಕರೆ, ಪೂರಾ ಕಬ್ಬು, ಒಂದೇ ಹೆಸರು. ಆದರೆ ಬೀರಸಿದ್ದಪ್ಪನವರು ಕೊಟ್ಟ ಮಗಳನ್ನು ಬಿಟ್ಟು ಬೇರೆ ಏನನ್ನೂ ಈವರೆಗೆ ಅಳಿಯನಿಗೆ ನಂಬಿ ಕೊಟ್ಟವರಲ್ಲ.

ಸಿದ್ರಾಯರು ಹುಕ್ಕೇರಿಗೆ ಹೋಗುವ ಮೊದಲು ಧೈರ್ಯ ತಂದುಕೊಳ್ಳಲು ಎರಡು ದಿನ ತೆಗೆದುಕೊಂಡರು. ಆ ಎರಡು ದಿನಗಳಲ್ಲಿ ಆಗಬಾರದ್ದು ಆಯಿತು. ಬೇವಿನ ಗಿಡದ ಕೆಳಗೆ ಕುಳಿತಿದ್ದ ಯಾರೋ ಮೂಡಲಗಿಯ ಬಸ್ಸಿನಲ್ಲಿ ಯಾರಿಗೋ ಹೇಳಿದರು: "ಸಿದ್ರಾಯ ಮಾಸ್ತರ ಕೋರ್ಟ್ ಮುಂದ ಕುಂತು ಜಾಮೀನ ಹುಡಕಾಕತ್ತಾರ."

ಊರಿಗೆ ಇದಕ್ಕಿಂತ ಹೆಚ್ಚು ಬೇಕಾಗಿರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಪ್ರಶ್ನೆಪತ್ರಿಕೆ ಹೊರಗೆ ಬಿಟ್ಟಿದ್ದಾರೆ ಎಂದು ಮೇಲಿನ ಓಣಿ ತೀರ್ಮಾನಿಸಿತು. ಅಲ್ಲ, ಯಾರಿಗೋ ಬಡಿದಿದ್ದಾರೆ ಎಂದು ಕೆಳಗಿನ ಓಣಿ. ಪರದೇಶಕ್ಕೆ ಹೋಗುವ ಅವಸರ ಯಾಕಿತ್ತು ಎಂಬುದು ಈಗ ಎರಡೂ ಓಣಿಗೆ ತಿಳಿಯಿತು.

ಮೊದಲು ಬಂದವಳು ಬಾಜೂಮನಿಯ ಸುಲ್ತಾನಾಬಿ. ಸಿದ್ರಾಯರ ತಾಯಿ ರಾಮವ್ವನ ಕೈ ಹಿಡಿದು ಅತ್ತಳು. ರಾಮವ್ವ ಯಾಕೆಂದು ತಿಳಿಯದಿದ್ದರೂ ಗೆಳತಿ ಅಳುವಾಗ ಸುಮ್ಮನಿರುವುದು ಸರಿಯಲ್ಲವೆಂದು ತಾನೂ ಅತ್ತಳು. ಇಬ್ಬರೂ ಅರ್ಧ ತಾಸು ಅತ್ತ ಮೇಲೆ ಸುಲ್ತಾನಾಬಿ ಒಂದು ಹೊಸ ಚಾದರ ತೆಗೆದಿಟ್ಟಳು.

"ಮಾಸ್ತರಗ ಕೊಡ ಯಕ್ಕಾ. ಒಳಗ ಥಂಡಿ ಇರ್ತೈತಂತ."

"ಹೌದಂತವಾ, ಬರೇ ಬರ್ಫ ಬೀಳ್ತೈತಂತ" ಎಂದು ರಾಮವ್ವ ಕಣ್ಣೊರೆಸಿಕೊಂಡಳು. ಮಗ ಹೋಗುವ ದೇಶದ ಹವೆಯ ಬಗ್ಗೆ ಅವಳು ಅಷ್ಟು ಕೇಳಿ ತಿಳಿದಿದ್ದಳು.

"ಬರ್ಫ? ಹಿಂಡಲಗಾದಾಗ?"

ಹಿಂಡಲಗಾ ಎಂದರೆ ಬೆಳಗಾವಿಯ ಜೈಲು. ರಾಮವ್ವ ಆ ಹೆಸರು ಕೇಳಿ, ಹುಟ್ಟಿದಾಗಿನಿಂದ ಆ ದಿನದವರೆಗೆ ಕೂಗದಷ್ಟು ಜೋರಾಗಿ, "ದ್ರಾಕ್ಷಾಯಿಣೀ!" ಎಂದು ಕೂಗಿದಳು.

ಸಂಜೆಯ ಹೊತ್ತಿಗೆ ಉಮೇಶ ಮಾಸ್ತರರು ಬಂದರು. ಮುಖದ ಮೇಲೆ ದುಃಖವನ್ನು ಅಚ್ಚುಕಟ್ಟಾಗಿ ಹರಡಿಕೊಂಡು ಬಂದಿದ್ದರು.

"ಸಿದ್ರಾಯ ಸರ್, ನೀವು ಏನೂ ಹೇಳೂದು ಬ್ಯಾಡ. ನಾ ಏನೂ ಕೇಳೂದಿಲ್ಲ. ಹತ್ತನೇತ್ತಾ ಕ್ಲಾಸ ನಾ ತಗೋತೇನಿ. ಆ ಬ್ಯಾನರ್ ಅಷ್ಟ ತಗಸಲೇನು?"

"ಯಾಕ ತಗಸ್ತೀರಿ? ಇನ್ನ ಜಾಮೀನ ಒಂದ ಆತಂದ್ರ ನಾ ಹೊಂಟೆ."

"ಜಾಮೀನ ಆದ ಮ್ಯಾಲೂ ಹೊಂಟ್ರ ಅದಕ್ಕ ಪರಾರಿ ಅಂತಾರ್ರಿ" ಎಂದು ಉಮೇಶ ಮಾಸ್ತರರು ದನಿ ತಗ್ಗಿಸಿದರು. "ಸಿಂಗಾಪುರದಾಗ ಆಗಿದ್ರ—"

ಸಿದ್ರಾಯರು ಅರ್ಧ ತಾಸು ಬಿಡಿಸಿ ಹೇಳಿದರು. ಉಮೇಶ ಮಾಸ್ತರರು ಎಲ್ಲದಕ್ಕೂ "ಹೌದ್ರಿ, ಹೌದ್ರಿ" ಎಂದು ತಲೆಯಾಡಿಸಿ, ಹೊರಗೆ ಹೋಗಿ, "ತಲಿ ಮ್ಯಾಲ ಪರಿಣಾಮ ಆಗೈತಿ" ಎಂದು ಎರಡೂ ಓಣಿಗೆ ತಿಳಿಸಿದರು.

ಮರುದಿನ ಹೆಡ್‌ಮಾಸ್ತರರು ಕರೆಸಿ, ಎಫ್‌ಐಆರ್ ಪ್ರತಿ ಇದ್ದರೆ ಕೊಡಿ, ಇಲ್ಲದಿದ್ದರೆ ಇಲ್ಲವೆಂದು ಬರೆದುಕೊಡಿ ಎಂದರು. ಮಧ್ಯಾಹ್ನ ಒಬ್ಬ ಪೊಲೀಸು ಮೋಟಾರ್‌ಸೈಕಲ್ಲಿನ ಮೇಲೆ ಬಂದ. ಸಿದ್ರಾಯರದೇ ಹಳೆಯ ವಿದ್ಯಾರ್ಥಿ. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಕ್ಲಾಸಿನಲ್ಲಿ ನಿಲ್ಲುತ್ತಿದ್ದಂತೆಯೇ ನಿಂತ.

"ಸರ್, ಸಿಟ್ಟಾಗಬ್ಯಾಡ್ರಿ. ನಮ್ಮ ಸ್ಟೇಷನ್‌ದಾಗ ನಿಮ್ಮ ಮ್ಯಾಲ ಕೇಸ್ ಇಲ್ಲ. ಗೋಕಾಕದಾಗ ಕೇಳಿದ್ವಿ, ಅಲ್ಲೂ ಇಲ್ಲ. ನೀವು ಎಲ್ಲಿ ಮಾಡೀರಿ ಅನ್ನೂದಷ್ಟು ಹೇಳಿಬಿಟ್ರ ನಮಗ ಅನುಕೂಲ ಆಗ್ತೈತಿ."

ಸಿದ್ರಾಯರು ಚೀಲ ಹೆಗಲಿಗೆ ಹಾಕಿ ಹುಕ್ಕೇರಿಯ ಬಸ್ಸು ಹತ್ತಿದರು. ಅವರು ಬಸ್ಸು ಹತ್ತಿದ್ದನ್ನು ನಾಲ್ಕು ಮಂದಿ ನೋಡಿದರು. ಮಾಸ್ತರರು ಊರು ಬಿಟ್ಟು ಓಡಿದರು ಎಂಬ ಸುದ್ದಿ ಅವರಿಗಿಂತ ಮೊದಲು ಹುಕ್ಕೇರಿ ತಲುಪಿತು.

ಬೀರಸಿದ್ದಪ್ಪನವರಿಗೆ ಎಪ್ಪತ್ತೆರಡು ವರ್ಷ. ತಲೆಗೆ ಸುತ್ತಿದ ಪಟಗಾ, ಹೆಗಲ ಮೇಲೆ ಬೇಸಿಗೆಯಲ್ಲೂ ಕರಿ ಕಂಬಳಿ. ಹಿಂದೆ ಇನ್ನೂರು ಕುರಿ ಕಾಯ್ದವರು. ಮನುಷ್ಯರನ್ನು ನೋಡುವಾಗಲೂ ಮೊದಲು ಕಾಲು ನೋಡಿ ಆಮೇಲೆ ಮುಖ ನೋಡುವ ರೂಢಿ. ಅಳಿಯ ಬಾಗಿಲಿಗೆ ಬಂದದ್ದೇ ತಡ, ಒಳಗೆ ಎಳೆದುಕೊಂಡು ಅಗಳಿ ಹಾಕಿದರು.

"ಅಳಿಯಾರ, ಹೆದರಬ್ಯಾಡ್ರಿ. ಯಾರಿಗೆ ಬಡದ್ರಿ?"

"ಯಾರಿಗೂ ಬಡದಿಲ್ರಿ ಮಾವಾರ."

"ಇರಲಿ, ಬಡದ್ರೂ ಬಡದ್ರಿ. ಗಂಡಸು ಅಂದ ಮ್ಯಾಲೆ ಒಂದ ಕೇಸಿರಬೇಕು. ಇಷ್ಟ ವರ್ಷ ನಿಮ್ಮ ಮ್ಯಾಲ ನನಗ ಅದ ಒಂದ ಸಂಶೆ ಇತ್ತು. ನಡೀರಿ, ಎಲ್ಲಿ ಒತ್ತಬೇಕು ಹೆಬ್ಬಟ್ಟು? ಜಾಮೀನ ನಾ ಕೊಡ್ತೇನಿ."

ಇಲ್ಲಿಗೆ ಬಾಯಿ ಮುಚ್ಚಿಕೊಂಡು ಹೆಬ್ಬೆರಳು ಒತ್ತಿಸಿಕೊಂಡಿದ್ದರೆ ಸಿದ್ರಾಯರ ಕೆಲಸ ಆಗಿಹೋಗುತ್ತಿತ್ತು. ಆದರೆ ಅವರು ಸತ್ಯವಂತರು. ಸತ್ಯವಂತರಿಗೆ ಯಾವಾಗ ಸುಮ್ಮನಿರಬೇಕೆಂಬುದನ್ನು ದೇವರು ಕಲಿಸಿರುವುದಿಲ್ಲ. ಜಾಮೀನು ಯಾತಕ್ಕೆಂದು ಎಲ್ಲವನ್ನೂ ಹೇಳಿದರು.

ಬೀರಸಿದ್ದಪ್ಪನವರ ಮುಖ ಸಣ್ಣಗಾಯಿತು. ಅಗಳಿ ತೆಗೆದು ಬಾಗಿಲು ಪೂರಾ ತೆರೆದಿಟ್ಟರು.

"ಹಂಗಾದ್ರ ಆಗೂದಿಲ್ಲ."

"ಕೇಸಿಗೆ ಕೊಡ್ತೇನಂದ್ರಿ?"

"ಕೇಸ ಬ್ಯಾರೆ. ಕೇಸಾದ್ರ ನಿಮ್ಮನ್ನ ಹಿಂಡಲಗಾದಾಗ ಇಡ್ತಾರ. ಅಲ್ಲಿಗೆ ಬಸ್ಸೈತಿ. ವಾರಕ್ಕೊಮ್ಮೆ ಬುತ್ತಿ ಕಟಗೊಂಡು ಬಂದು ನೋಡಿ ಹೋಗಬಹುದು. ಇದು ಎಲ್ಲಿ ಹೋಗಿ ನೋಡಲಿ?"

"ಮಾವಾರ, ಹತ್ತ ತಿಂಗಳದ ಮಾತು. ಬರೂ ವರ್ಷ ಜೂನ್ ಇಪ್ಪತ್ತೆಂಟಕ್ಕ ಬಂದ ಬರ್ತೇನ್ರಿ."

ಮುದುಕರು ಕಂಬಳಿಯ ಅಂಚು ಹಿಸುಕುತ್ತ ಕುಳಿತರು. ಆಮೇಲೆ ಗೋಡೆಯ ಕಡೆಗೆ ನೋಡುತ್ತ ಹೇಳಿದರು:

"ನಿಮ್ಮ ಅತ್ತಿ ಘಟಪ್ರಭಾ ದವಾಖಾನಿಗೆ ಹೋಗುವಾಗ ನಾಕ ದಿನದಾಗ ಬರ್ತೇನಿ, ಎಮ್ಮಿ ನೋಡ್ಕೋರಿ ಅಂದ್ಲು. ಬರಲಿಲ್ಲ. ಆಕಿನೂ ಬಾಯಿಲೇ ಹೇಳಿ ಹೋದಾಕಿನ."

ಆ ತಾಯಿ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಗೋಡೆಯ ಗೂಟದಲ್ಲಿ ಅವಳ ಕೀಲಿಕೈ ಗೊಂಚಲು ಇನ್ನೂ ಹಾಗೆಯೇ ತೂಗುತ್ತಿತ್ತು. ಎಮ್ಮೆ ಒಂದು ಸಲ ಕೂಗಿತು.

"ಹೋಗಬ್ಯಾಡ್ರಿ ಅಂದ್ರ ಹೋಗೂದಿಲ್ರಿ" ಎಂದರು ಸಿದ್ರಾಯರು. ಹಾಗೆಂದು ಕಿಸೆಯಿಂದ ಮಕ್ಕಳು ಬರೆದು ಕಳಿಸಿದ ಚಿತ್ರ ತೆಗೆದು, ಯಾತಕ್ಕೆಂದು ತಮಗೇ ತಿಳಿಯದೆ, ಮಾವನ ಕೈಗೆ ಕೊಟ್ಟರು.

ಬೀರಸಿದ್ದಪ್ಪನವರು ಅದನ್ನು ಅತ್ತಿತ್ತ ತಿರುಗಿಸಿ ನೋಡಿದರು. "ರೊಟ್ಟಿ ಏನಿದು? ಯಾರು ತಗದಾರ?"

"ಆ ದೇಶದ ಹುಡುಗೋರು."

"ಕಾಲು ರೊಟ್ಟಿ ಎಲ್ಲಿ ಹೋತು?"

"ಅವರೂ ಅದನ್ನ ಕೇಳಾಕತ್ತಾರ್ರಿ."

ಮುದುಕರು ಮತ್ತೊಮ್ಮೆ ನೋಡಿದರು. "ಪರದೇಶದ ಹುಡುಗೋರಿಗೆ ರೊಟ್ಟಿದು ಇಷ್ಟು ಚಿಂತಿ ಹತ್ತೈತಂದ್ರ ಕೆಟ್ಟ ಮಂದಿ ಅಲ್ಲ ಬಿಡ್ರಿ" ಎಂದು ಚಿತ್ರ ತಿರುಗಿ ಕೊಟ್ಟರು. ಆಮೇಲೆ ಎದ್ದರು. "ಗುಡಿಗೆ ನಡೀರಿ."

ಬೀರದೇವರ ಗುಡಿಯಲ್ಲಿ ಸಿದ್ರಾಯರು ಭಂಡಾರದ ಅರಿಶಿನ ಮುಟ್ಟಿ, ಜೂನ್ ಇಪ್ಪತ್ತೆಂಟಕ್ಕೆ ಬರುವೆನೆಂದು ಆಣೆ ಮಾಡಿದರು. ಪೂಜಾರಿ, "ಹಂಗ ಬರೇ ಜೂನ್ ಅನಬ್ಯಾಡ್ರಿ, ದೇವರಿಗೆ ಇಸವಿನೂ ಹೇಳ್ರಿ" ಎಂದದ್ದಕ್ಕೆ ಇಸವಿಯನ್ನೂ ಹೇಳಿದರು. ಬೀರಸಿದ್ದಪ್ಪನವರು ಉತಾರ ಕೊಡಲು ಒಪ್ಪಿದರು. ಆದರೆ ಒಂದು ಶರತ್ತು ಹಾಕಿದರು: ಜಾಮೀನದಾರ ಸಾಹೇಬರ ಮುಂದೆ ಖುದ್ದಾಗಿ ಹಾಜರಿರಬೇಕು. ಗೋಕಾಕದ ಕೋರ್ಟಿನಲ್ಲಿ ಅವರು ಕಂಡ ಪದ್ಧತಿ ಅದು. ಕೂಗಿದಾಗ ಜಾಮೀನದಾರ ಇಲ್ಲದಿದ್ದರೆ ಕೆಲಸ ಕೆಡುತ್ತದೆ.

ಬಾಂಡು ಸಿದ್ಧವಾಯಿತು. ನಿಜಾಮಸಾಬರು ಅದರಲ್ಲಿ ತಮ್ಮ ನಲವತ್ತು ವರ್ಷಗಳ ವಿದ್ಯೆಯನ್ನು ಸುರಿದಿದ್ದರು. ‘ಸದರಿ ಸಿದ್ರಾಯನು ಸದರಿ ತಾರೀಕಿಗೆ ಸ್ವದೇಶಕ್ಕೆ ಹಾಜರಾಗದೆ ತಪ್ಪಿಸಿಕೊಂಡಲ್ಲಿ, ಅವನನ್ನು ಎಲ್ಲಿದ್ದರೂ ಹಿಡಿದು ತಂದು ಹಾಜರುಪಡಿಸುತ್ತೇನೆ, ತಪ್ಪಿದಲ್ಲಿ ನನ್ನ ನಾಲ್ಕು ಎಕರೆ ಬಾಗಾಯತ ಜಮೀನನ್ನು, ನಿಂತ ಕಬ್ಬು ಸಹಿತ, ಆ ದೇಶದ ಸರಕಾರವು ಜಪ್ತಿ ಮಾಡಿಕೊಳ್ಳಲು ನನ್ನ ಅಥವಾ ನನ್ನ ವಾರಸುದಾರರ ಯಾವುದೇ ತಕರಾರು ಇರುವುದಿಲ್ಲ.’ ಸಿದ್ರಾಯರು ಅದನ್ನು ಒಂದು ಅಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸಿದರು. ನಿಂತ ಕಬ್ಬನ್ನೂ ಬಿಡಲಿಲ್ಲ.

ಹೀಗೆ ಘಟಪ್ರಭಾ ಸ್ಟೇಷನ್ನಿನಲ್ಲಿ ಮೂವರು ರೈಲು ಹತ್ತಿದರು: ವೀಸಾ ಬೇಡುವ ಸಿದ್ರಾಯರು, ಜಾಮೀನದಾರ ಬೀರಸಿದ್ದಪ್ಪನವರು, ಮತ್ತು ಜಾಮೀನದಾರನನ್ನು ಗುರುತಿಸಲು ಒಬ್ಬರು ಬೇಕೇಬೇಕೆಂದು ತಾವಾಗಿಯೇ ಹೊರಟ ನಿಜಾಮಸಾಬರು. ರೈಲಿನಲ್ಲಿ ನಿಜಾಮಸಾಬರು ಅಧಿಕಾರಿಯಾಗಿ ತಾಲೀಮು ನಡೆಸಿದರು.

"ಈ ಮನಶ್ಯಾನ್ನ ಎಷ್ಟು ವರ್ಷದಿಂದ ಬಲ್ಲಿ?"

"ಹದಿನೆಂಟು."

"ನಡತಿ ಹೆಂಗ?"

"ಉಣ್ಣಾಕ ಕುಂತ್ರ ಉಪ್ಪು ಕಡಿಮಿ ಅಂತಾನ. ಮಿಕ್ಕಿದ್ದು ಅಡ್ಡಿಯಿಲ್ಲ."

"ಯಜಮಾನ್ರ, ಉಪ್ಪಿಂದು ಹೇಳಬ್ಯಾಡ್ರಿ. ಕೇಳಿದಷ್ಟಕ್ಕ ಉತ್ತರ."

"ನಡತಿ ಕೇಳಿದ್ರಿ, ಹೇಳಿದೆ. ದೇವರ ಮುಂದ ಒಂದು ಸಾಹೇಬರ ಮುಂದ ಒಂದು ಹೇಳಾಕ ಬರೂದಿಲ್ಲ ನನಗ."

ಚೆನ್ನೈಯಲ್ಲಿ ಕಾನ್ಸುಲೇಟಿನ ಬಾಗಿಲಿಗೆ ಬಂದಾಗ ಕಾವಲುಗಾರ ಒಬ್ಬರನ್ನು ಮಾತ್ರ ಒಳಗೆ ಬಿಟ್ಟ. ಬೀರಸಿದ್ದಪ್ಪನವರು ರಸ್ತೆಯಾಚೆಯ ಗಿಡದ ನೆರಳಿನಲ್ಲಿ ಕಂಬಳಿ ಹಾಸಿ ಕುಳಿತು, "ಕೂಗಿದ್ರ ಕೇಳಸೂವಂಗ ಇರಬೇಕು" ಎಂದು ಬಲಗಿವಿಯ ಮೇಲಿನ ಪಟಗಾ ಸರಿಸಿಕೊಂಡರು. ಮೇ ತಿಂಗಳ ಚೆನ್ನೈಯಲ್ಲಿ ಕಂಬಳಿಯ ಮೇಲೆ ಕುಳಿತ ಮನುಷ್ಯನನ್ನು ಆ ರಸ್ತೆ ಮೊದಲ ಸಲ ನೋಡುತ್ತಿತ್ತು.

ಒಳಗೆ ಗಾಜಿನ ಹಿಂದೆ ಒಬ್ಬ ಅಧಿಕಾರಿಣಿ ಇದ್ದಳು. ಮೂವತ್ತರ ವಯಸ್ಸು, ನಗುಮುಖ. ಸಿದ್ರಾಯರ ಮುಂದೆ ನಿಂತಿದ್ದ ಮೂವರನ್ನು ಅವಳು ಅದೇ ನಗುಮುಖದಿಂದ ಇಲ್ಲವೆಂದು ಕಳಿಸಿದ್ದಳು. ಸಿದ್ರಾಯರ ಸರದಿ ಬಂತು. ಏನು ಕಲಿಸುತ್ತೀರಿ ಎಂದಳು, ಗಣಿತ ಎಂದರು. ಎಷ್ಟು ವರ್ಷದಿಂದ ಎಂದಳು, ಇಪ್ಪತ್ತೆರಡು ಎಂದರು. ಹೆಂಡತಿ ಬರುತ್ತಾಳೆಯೇ ಎಂದಳು. ಇಲ್ಲ, ತಾಯಿಯನ್ನು ನೋಡಿಕೊಂಡು ಊರಲ್ಲೇ ಇರುತ್ತಾಳೆ ಎಂದರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

"ವರ್ಷ ಮುಗಿದ ಮೇಲೆ?"

"ವಾಪಸ್ ಬರಲೇಬೇಕು ಮೇಡಂ."

"ಬರಲೇಬೇಕು? ಯಾಕೆ?"

ಇದಕ್ಕೆ ಬಾಯಿಪಾಠ ಮಾಡಿಟ್ಟಿದ್ದ ಮೂರು ಉತ್ತರಗಳನ್ನೂ ಬಿಟ್ಟು ಸಿದ್ರಾಯರು ಚೀಲ ಬಿಚ್ಚಿದರು. ಗಾಜಿನ ಕೆಳಗಿನ ಕಿಂಡಿಯಲ್ಲಿ ಕಡತ ತಳ್ಳಿದರು. "ಜಾಮೀನು ಇದೆ ಮೇಡಂ."

ಅವಳು ಬೇಡವೆನ್ನುವ ಮೊದಲೇ ಮೊದಲ ಪುಟ ತೆರೆದುಕೊಂಡಿತ್ತು. ಅವಳು ಓದಿದಳು. ತಿರುಗಿ ಮೇಲಿನಿಂದ ಓದಿದಳು. ಎದ್ದುಹೋಗಿ ಪಕ್ಕದ ಕಿಟಕಿಯ ಅಧಿಕಾರಿಗೆ ತೋರಿಸಿದಳು. ಅವನೂ ಓದಿ, ಗಾಜಿನೊಳಗಿನಿಂದ ಸಿದ್ರಾಯರನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಸಿದ್ರಾಯರು ಮನಸ್ಸಿನಲ್ಲೇ ಬ್ಯಾನರಿನ ಕೆಳಗೆ ನಡೆಯತೊಡಗಿದರು.

"ಈ ಬೀರಸಿದ್ದಪ್ಪ ಯಾರು?" ಅವಳು ಆ ಹೆಸರನ್ನು ಮೂರು ಕಡೆ ನಿಂತು ದಾಟಿದಳು.

"ನನ್ನ ಮಾವ, ಮೇಡಂ. ಹೆಂಡತಿಯ ತಂದೆ."

"ನೀವು ಬರದಿದ್ದರೆ ಇಷ್ಟೂ ಹೊಲ ಅವರ ಕೈತಪ್ಪಿ ಹೋಗುತ್ತದೆಂದು ಅವರಿಗೆ ಗೊತ್ತೇ?"

"ಗೊತ್ತು ಮೇಡಂ. ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿದ್ದು."

"ಅವರಿಗೆ ನೀವೆಂದರೆ ಅಷ್ಟು ಇಷ್ಟವೇ?"

ಗಣಿತದ ಮಾಸ್ತರರು ಖಚಿತವಾಗಿ ಗೊತ್ತಿಲ್ಲದ್ದನ್ನು ಹೇಳುವವರಲ್ಲ. "ಅದು ಇನ್ನೂ ಸಾಧಿಸಿ ತೋರಿಸಿದ ವಿಷಯವಲ್ಲ, ಮೇಡಂ" ಎಂದರು.

ಆ ಅಧಿಕಾರಿಣಿ ನಕ್ಕಳು. ಮೊದಲಿನ ನಗೆಯಲ್ಲ ಇದು. ಕಣ್ಣಲ್ಲಿ ನೀರು ಬರುವಂಥದ್ದು. ನಕ್ಕು ಮುಗಿಸಿದ ಮೇಲೆ ಕಡತವನ್ನು ಕಿಂಡಿಯಲ್ಲಿ ತಿರುಗಿ ತಳ್ಳಿದಳು. ಪಾಸ್‌ಪೋರ್ಟನ್ನು ಮಾತ್ರ ತನ್ನ ಕಡೆಗೇ ಇಟ್ಟುಕೊಂಡಳು.

"ನಾವು ಯಾರ ಹೊಲವನ್ನೂ ತೆಗೆದುಕೊಳ್ಳುವುದಿಲ್ಲ. ಇದನ್ನು ಅವರಿಗೆ ಕೊಟ್ಟು ಹೇಳಿ. ನಿಮ್ಮ ವೀಸಾ ಮಂಜೂರಾಗಿದೆ."

ಸಿದ್ರಾಯರು ಹೊರಗೆ ಬಂದದ್ದು ನಡೆದುಕೊಂಡೋ ತೇಲಿಕೊಂಡೋ ಅವರಿಗೆ ನೆನಪಿಲ್ಲ. ರಸ್ತೆಯಾಚೆ ಇಬ್ಬರೂ ಎದ್ದು ನಿಂತಿದ್ದರು.

"ಆತ್ರಿ ಮಾವಾರ! ವೀಸಾ ಆತು!"

"ಯಾ ಅಲ್ಲಾ, ಶುಕ್ರಿಯಾ" ಎಂದು ನಿಜಾಮಸಾಬರು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಬೀರಸಿದ್ದಪ್ಪನವರು ಪಟಗಾ ತೆಗೆದು ತಮ್ಮ ದೇವರಿಗೆ ದಿಕ್ಕು ನೋಡಿ ಕೈಮುಗಿದರು. ಮೂರು ವಾರಗಳಿಂದ ಆ ಮೂವರ ಎದೆಯ ಮೇಲಿದ್ದ ಕಲ್ಲು ಉರುಳಿಹೋಯಿತು. ಆಮೇಲೆ ಮುದುಕರ ಕಣ್ಣು ಅಳಿಯನ ಕೈಯಲ್ಲಿದ್ದ ಕಡತದ ಮೇಲೆ ಬಿತ್ತು.

"ಮತ್ತ ಇದ್ಯಾಕ ನಿಮ್ಮ ಕೈಯಾಗ ಐತಿ?"

"ಒಳಗಿನ ಮೇಡಮ್ಮ ಅದು ಬ್ಯಾಡಂದ್ರು ಮಾವಾರ. ನಿಮ್ಮ ಹೊಲ ನಿಮಗ ಉಳೀತು."

"ಬ್ಯಾಡಂದ್ರ?" ಬೀರಸಿದ್ದಪ್ಪನವರ ಕತ್ತು ಉಬ್ಬಿತು. "ಯಾಕ ಬ್ಯಾಡ? ಏನ್ ಖೋಟ ಕಂಡಳು ನನ್ನ ಹೊಲದಾಗ? ಹಿಡಕಲ್ ನೀರು ಹರೀತೈತಿ! ಎಕರೆಕ ಅರವತ್ತು ಟನ್ ಕಬ್ಬು ಬೆಳಿತೈತಿ! ನೋಡಲಾರ್ದ ಬ್ಯಾಡ ಅಂದ್ರ ಹೆಂಗ? ತಡೀರಿ, ನಾ ಮಾತಾಡ್ತೇನಿ."

ಮೂರು ವಾರದ ಹಿಂದೆ ಹೊಲ ಕೊಡುವುದಿಲ್ಲವೆಂದು ಕುಳಿತಿದ್ದ ಮನುಷ್ಯ, ಈಗ ಹೊಲ ತೆಗೆದುಕೊಳ್ಳಿ ಎಂದು ಪರದೇಶದ ಬಾಗಿಲಿಗೆ ನುಗ್ಗಿದರು. ಕಾವಲುಗಾರ ತಮಿಳಿನಲ್ಲಿ ತಡೆದ. ಇವರು ಹುಕ್ಕೇರಿಯ ಕನ್ನಡದಲ್ಲಿ ವಾದಿಸಿದರು. ಹತ್ತು ನಿಮಿಷ ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಚೆನ್ನಾಗಿ ಜಗಳಾಡಿದರು. ಕೊನೆಗೆ ಮುದುಕರ ಉಸಿರು ಕಟ್ಟಿದ್ದನ್ನು ಕಂಡು ಕಾವಲುಗಾರ ತನ್ನ ಕುರ್ಚಿ ಕೊಟ್ಟು ನೀರು ಕುಡಿಸಿದ. ನೀರು ಕುಡಿದ ಮೇಲೆ ಬೀರಸಿದ್ದಪ್ಪನವರಿಗೆ ಸಮಾಧಾನವಾಯಿತು.

ನಿಜಾಮಸಾಬರು ಬಾಂಡು ಬಿಡಿಸಿ ಪೆನ್ನು ತೆಗೆದರು. ಅವರ ಕೈಯ ಕಾಗದ ಅರ್ಧಕ್ಕೆ ನಿಂತದ್ದು ಎಂದೂ ಇಲ್ಲ. "ಯಜಮಾನ್ರ, ಬ್ಯಾಡಾದ ಕಾಗದ ಹಂಗ ಬಿಡಬಾರದು. ‘ಜಾಮೀನು ಖುಲಾಸೆ’ ಅಂತ ಬರೀತೇನಿ, ಒಂದ ಹೆಬ್ಬಟ್ಟು ಒತ್ರಿ. ನೀವೂ ಮೋಕಳೀಕ, ಮಾಸ್ತರೂ ಮೋಕಳೀಕ, ಇಬ್ಬರೂ ಬಿಡುಗಡಿ."

ಬೀರಸಿದ್ದಪ್ಪನವರು ಕಾಗದವನ್ನು ಕೈಗೆ ತೆಗೆದುಕೊಂಡು ತಮ್ಮ ಹೆಬ್ಬೆಟ್ಟಿನ ಗುರುತನ್ನು ನೋಡಿದರು. ಆಮೇಲೆ ನಾಲ್ಕಾಗಿ ಮಡಚಿ ಅಂಗಿಯ ಒಳಕಿಸೆಗೆ ಇಳಿಸಿದರು.

"ಈಗ ಬ್ಯಾಡ."

"ಯಾಕ್ರಿ?"

"ಅಂವ ಬಂದ ಮ್ಯಾಲೆ ಬರದ್ರಾತು. ಅಲ್ಲೀಮಟಾ ಇರಲಿ ಇದು." ಹದಿನೆಂಟು ವರ್ಷ ‘ನೀವು’ ಎಂದೇ ಕರೆದ ಅಳಿಯನ ಕಡೆಗೆ ತಿರುಗಿ ಹೇಳಿದರು: "ಜೂನ್ ಇಪ್ಪತ್ತೆಂಟು ಅಂದಿ. ಮುಂಜಾನಿಂದ ನಾ ಘಟಪ್ರಭಾ ಸ್ಟೇಷನ್‌ದಾಗ ಕುಂತಿರ್ತೇನಿ. ನೀ ಇಳೀಲಿಲ್ಲ ಅಂದ್ರ ಆ ಮೇಡಮ್ಮ ಜಪ್ತಿ ಮಾಡಲಿ ಬಿಡಲಿ, ಬಾಂಡಿನಾಗ ಬರದಂಗ ನಾನ ಬಂದು ನಿನ್ನ ಹಿಡಕೊಂಡು ಹೋಗ್ತೇನಿ."

"ಬರ್ತೇನ್ರಿ ಮಾವಾ" ಎಂದರು ಸಿದ್ರಾಯರು.

ಮುದುಕರು ನಾಲ್ಕು ಹೆಜ್ಜೆ ನಡೆದು ತಟ್ಟನೆ ನಿಂತರು. "ಏ ನಿಜಾಮಸಾಬ, ಇವನ್ನ ಹಿಡಿಯಾಕ ನಾ ಹೋಗಬೇಕಂದ್ರ ನನಗೂ ವೀಸಾ ಬೇಕಲ್ಲೋ? ಆವಾಗ ನನಗ ಜಾಮೀನ ಯಾರು?"

ನಿಜಾಮಸಾಬರು ಕನ್ನಡಕ ತೆಗೆದು ಒರೆಸಿ ತಿರುಗಿ ಹಾಕಿಕೊಂಡು, ಬಹಳ ಗಂಭೀರವಾಗಿ, "ಅದಕ್ಕ ಬ್ಯಾರೆ ಸ್ಟಾಂಪ್ ಬೇಕ್ರಿ" ಎಂದರು.